ಮೂರೂವರೆ ಲಕ್ಷ ಉದ್ಯೋಗ, ಐದು ತಾಲ್ಲೂಕು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದಲೂ ವಿದೇಶಿ ಸಾಫ್ಟ್‌ವೇರ್ ಕಂಪನಿಗಳು ಇಲ್ಲಿನ ಕಚೇರಿ ಹಿಗ್ಗಿಸುವುದನ್ನು ನಾವು ಉದ್ಯೋಗಸೃಷ್ಟಿಯೆಂದೇ ಸ್ವಾಗತಿಸುತ್ತ ಬಂದಿದ್ದೇವೆ. ಇಂಥ ಕಚೇರಿಗಳಿಗಾಗಿಯೇ ರಾಜ್ಯ ಸರ್ಕಾರ ರೂಪಿಸಿದ 2024–29ರ ಜಿಸಿಸಿ (ಜಾಗತಿಕ ಸಾಮರ್ಥ್ಯ ಕೇಂದ್ರ) ನೀತಿಯ ಗುರಿಯೂ ಅದೇ: 500 ಹೊಸ ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ. ಗುರಿ ದೊಡ್ಡದು, ಬೇಕಾದದ್ದೂ ಹೌದು. ಆದರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಕಡೆಯಿಂದ ನೋಡಿದರೆ ಅಳೆಯುವ ಕೋಲೇ ಮೋಟು. ಎಷ್ಟು ಕೆಲಸ ಎಂಬುದಕ್ಕೆ ಗುರಿಯಿದೆ. ಯಾವ ತಾಲ್ಲೂಕಿನ ಮಕ್ಕಳಿಗೆ ಎಂಬುದಕ್ಕಿಲ್ಲ. ಮಳೆ ಕೈಕೊಟ್ಟಾಗ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವ ತಾಂಡಾಗಳ ಪಾಲಿಗೆ ರಾಜ್ಯದ ಒಟ್ಟು ಲೆಕ್ಕದಿಂದ ಏನೂ ತಿಳಿಯದು.

ಹಾಗಾದರೆ ಕಂಪನಿಯನ್ನು ಕೊಟ್ಟೂರಿಗೇ ಕರೆತರಬೇಕೇ ಎಂದು ಕೇಳಬಹುದು. ಬೇಡ. ಹುಬ್ಬಳ್ಳಿಯಂಥ ನಗರದಲ್ಲೇ ಇನ್ಫೋಸಿಸ್ ಕಟ್ಟಡ ವರ್ಷಗಟ್ಟಲೆ ಖಾಲಿ ಬಿದ್ದಿದ್ದು, 2022ರಲ್ಲಷ್ಟೇ ಕೆಲಸ ಶುರುವಾಯಿತು. 2024ರಲ್ಲಿ ಅಲ್ಲಿಗೆ ವರ್ಗವಾಗಿ ಬರುವವರಿಗೆ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಕಟ್ಟಡ ಎದ್ದ ಮಾತ್ರಕ್ಕೆ ಕೆಲಸ ಹುಟ್ಟುವುದಿಲ್ಲ. ಕೊರತೆ ಇರುವುದು ನೇಮಕಾತಿಯ ದಾರಿಯಲ್ಲಿ. ಹೂವಿನಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಆದರೆ ದೊಡ್ಡ ಕಂಪನಿಗಳು ಕ್ಯಾಂಪಸ್ ಆಯ್ಕೆಗೆ ಕಾಲೇಜುಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳುತ್ತವೆ. ಪಟ್ಟಿಯಲ್ಲಿಲ್ಲದ ಕಾಲೇಜಿನ ಹುಡುಗಿ ಬರೆದ ಕೋಡ್ ಎಷ್ಟೇ ಚೊಕ್ಕವಾಗಿರಲಿ, ಅದನ್ನು ತೆರೆದು ನೋಡುವವರೇ ಇರುವುದಿಲ್ಲ.

ಪ್ರತಿಭೆಗೆ ಊರಿನ ಹಂಗೇಕೆ, ಕೋಟಾ ಹೇರಿದರೆ ಕಂಪನಿಗಳು ಹೈದರಾಬಾದಿಗೆ ಹೋದಾವು ಎಂಬ ಆಕ್ಷೇಪ ಹಗುರವಾದದ್ದಲ್ಲ. ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ 2024ರ ಮಸೂದೆಯನ್ನು ಉದ್ಯಮದ ವಿರೋಧದಿಂದಾಗಿ ಸರ್ಕಾರ ತಡೆಹಿಡಿದದ್ದು ಗೊತ್ತೇ ಇದೆ. ಈ ತಾಲ್ಲೂಕುಗಳಿರುವ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ಕಲಂ ಕೊಡುವ ಮೀಸಲಾತಿ ಕೂಡ ಸರ್ಕಾರಿ ನೌಕರಿ ಮತ್ತು ಶಿಕ್ಷಣದ ಸೀಟುಗಳ ಆಚೆಗೆ ಚಾಚುವುದಿಲ್ಲ. ಹಾಗೆಂದು ಮೀಸಲಾತಿಯೊಂದೇ ದಾರಿಯಲ್ಲ. ಸರ್ಕಾರದ ನೆರವು ಪಡೆಯುವ ಪ್ರತಿ ಕಂಪನಿಯೂ ಹೊಸಬರನ್ನು ಯಾವ ತಾಲ್ಲೂಕಿನಿಂದ, ಯಾವ ಕಾಲೇಜಿನಿಂದ ಆರಿಸಿಕೊಂಡಿತೆಂದು ವರ್ಷಕ್ಕೊಮ್ಮೆ ಪ್ರಕಟಿಸಲಿ. ನೆರವಿನ ಒಂದು ಪಾಲು ಹಿಂದುಳಿದ ತಾಲ್ಲೂಕುಗಳ ಸರ್ಕಾರಿ ಕಾಲೇಜಿನವರಿಗೆ ಸ್ಟೈಪೆಂಡ್ ಕೊಟ್ಟು ನಡೆಸುವ ಇಂಟರ್ನ್‌ಶಿಪ್‌ಗೆ ಮೀಸಲಾಗಲಿ. ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ, ಅದಕ್ಕೆ ಕೂರುವ ಅವಕಾಶವೂ ಎಲ್ಲರಿಗೂ ಸಿಗಲಿ. ಇದರಿಂದ ಯಾವ ಕಂಪನಿಯೂ ಊರು ಬಿಡಬೇಕಾಗಿಲ್ಲ. ನೆರವಿನ ಹಣ ಹರಪನಹಳ್ಳಿಯ ತೆರಿಗೆಯನ್ನೂ ಒಳಗೊಂಡಿರುವಾಗ, ಅದರ ಫಲದ ಲೆಕ್ಕ ಕೇಳುವುದು ಈ ತಾಲ್ಲೂಕುಗಳ ಹಕ್ಕು.