ಅರಳಿ ಕಟ್ಟೆಯ ತಂಟೆಕೋರರು

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬುದು ಆ ವಿಶ್ವಕೋಶದ ಕಟ್ಟಳೆ. ಬರೆಯುವವರು ಸೇರಿ ಚರ್ಚೆ ಮಾಡುವ ಪುಟಕ್ಕೆ ಅಲ್ಲಿ ‘ಅರಳಿ ಕಟ್ಟೆ’ ಅಂತಲೇ ಹೆಸರು. ಕಟ್ಟೆ ಅಂದ ಮೇಲೆ ತಂಟೆಕೋರರೂ ಬರ್ತಾರೆ. ಎಬ್ಬಿಸಿ ಕಳಿಸಿದರೆ ಮಾರನೇ ದಿನ ಬೇರೆ ಹೆಸರು ಹೇಳಿಕೊಂಡು ಬಂದು ಕೂರುವವರೂ ಇರ್ತಾರೆ. ಇಂಥವರನ್ನು ವಿಕಿಪೀಡಿಯ ಹೇಗೆ ಸಂಭಾಳಿಸುತ್ತದೆ, ಆ ರೀತಿ ನಮ್ಮಂಥ ಊರುಗಳಿಗೆ ಒಗ್ಗುತ್ತದೆಯೇ ಎಂಬುದನ್ನು ಇಲ್ಲಿ ವಿಚಾರ ಮಾಡಿದ್ದೇನೆ.

ನಮ್ಮ ಊರುಗಳನ್ನೇ ತೆಗೆದುಕೊಳ್ಳೋಣ. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳ ಜೊತೆ ಅದೂ ಆಂಧ್ರಕ್ಕೆ ಬಂತು. ಮಡಕಶಿರಾ 2022ರ ಏಪ್ರಿಲ್ 4ರಿಂದ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಈ ಪುಟಗಳನ್ನು ತಿದ್ದಲು ಇಬ್ಬರು ಬಂದರು ಅನ್ಕೊಳ್ಳಿ. ಒಬ್ಬರು ಹಳೇ ಪುಸ್ತಕ ನೋಡಿ ಮಡಕಶಿರಾ ಅನಂತಪುರ ಜಿಲ್ಲೆಯಲ್ಲೇ ಇದೆ ಅಂತ ಬರೆದರು. ಅದು ತಿಳಿಯದೆ ಆದ ತಪ್ಪು, ಹೇಳಿದರೆ ತಿದ್ದಿಕೊಳ್ತಾರೆ. ಇನ್ನೊಬ್ಬ ರಾಯದುರ್ಗ ಕರ್ನಾಟಕದಲ್ಲಿದೆ ಅಂತ ಬರೆದು, ಅಳಿಸಿದಷ್ಟು ಸಲ ಮತ್ತೆ ಬರೆಯುತ್ತಾನೆ. ಕನ್ನಡದ ಅಭಿಮಾನ ದೊಡ್ಡದೇ, ಆದರೆ ಅಭಿಮಾನದಿಂದ ಊರಿನ ರಾಜ್ಯ ಬದಲಾಗಲ್ಲ. ಈ ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುವುದೇ ಯಾವ ಕಟ್ಟೆಗಾದರೂ ಪರೀಕ್ಷೆ.

ವಿಕಿಪೀಡಿಯದ ಕ್ರಮದಲ್ಲಿ ಮೆಚ್ಚುವಂಥದ್ದು ಬಹಳ ಇದೆ. ಪ್ರತಿ ಪುಟಕ್ಕೂ ‘ಇತಿಹಾಸ’ ಇರುತ್ತದೆ. ಯಾವ ಖಾತೆಯಿಂದ ಯಾವಾಗ ಏನು ಬದಲಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗುವುದರಿಂದ ಕೆಡಿಸಿದ್ದನ್ನು ಕ್ಷಣದಲ್ಲಿ ಸರಿಮಾಡಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ 3ಕ್ಕಿಂತ ಹೆಚ್ಚು ಸಲ ಬೇರೆಯವರ ಬರಹ ರದ್ದು ಮಾಡಿದವರಿಗೆ ತಡೆ ಬೀಳಬಹುದು. ನನ್ನ ಮಾತೇ ಸರಿ ಅನ್ನುವ ನೆಪ ಅಲ್ಲಿ ನಡೆಯಲ್ಲ. ಆ ತಡೆಯೂ ಶಿಕ್ಷೆಯಲ್ಲ, ಮುಂದೆ ಕೆಡದಂತೆ ಕಾಯುವ ಬೇಲಿ. ಪದೇ ಪದೇ ಬರುವವನ ಜೊತೆ ಮಾತು ಬೆಳೆಸದೆ, ಅವನು ಬರೆದದ್ದನ್ನು ಅಳಿಸಿ ಸುಮ್ಮನಿರಬೇಕು ಎಂಬ ಸಲಹೆಯೂ ಅಲ್ಲಿದೆ. ಜಾತ್ರೆಯಲ್ಲಿ ಕುಡಿದು ಕೂಗುವವನ ಸುತ್ತ ಜನ ಸೇರಿದಷ್ಟೂ ಅವನ ಕೂಗು ಜಾಸ್ತಿ ಆಗೋದು ನಮಗೆ ಗೊತ್ತಿರುವ ಸಂಗತಿಯೇ.

ಒಬ್ಬನೇ ಹಲವು ಹೆಸರಲ್ಲಿ ಬಂದು ಮೋಸಮಾಡಿದರೆ ಆ ಖಾತೆಗಳನ್ನು ಇಂಗ್ಲಿಷಿನವರು ಕಾಲುಚೀಲದ ಗೊಂಬೆ ಅಂತಾರೆ. ನಾವು ತೊಗಲುಗೊಂಬೆ ಅನ್ನಬಹುದು. ಧರ್ಮವರದ ಕಡೆಯ ನಿಮ್ಮಲಕುಂಟದವರ ಆಟ ನೋಡಿದವರಿಗೆ ಗೊತ್ತು, ಪರದೆ ಮೇಲೆ ಎರಡು ಗೊಂಬೆ ಜಗಳಾಡಿದರೂ ಆಡಿಸುವ ಕೈ ಒಬ್ಬನದೇ ಇರಬಹುದು. ಆ ಕೈ ಯಾವುದೆಂದು ಹುಡುಕಲು ಕೆಲವೇ ಸ್ವಯಂಸೇವಕರಿಗೆ ಅಧಿಕಾರವಿದೆ. ಖಾತೆ ಯಾವ ಇಂಟರ್‌ನೆಟ್ ವಿಳಾಸದಿಂದ ಬಂತು ಅಂತ ಅವರು 90 ದಿನಗಳ ದಾಖಲೆ ನೋಡಬಲ್ಲರು.

ನನ್ನ ತಕರಾರು ಇರುವುದು ಇಲ್ಲೇ. ವಿಳಾಸ ಒಂದೇ ಆದರೆ ಆಳೂ ಒಬ್ಬನೇ ಆಗಬೇಕಿಲ್ಲ. ಒಂದು ಶಾಲೆಯ ಮೂವತ್ತು ಮಕ್ಕಳು ಒಂದೇ ಸಂಪರ್ಕದಿಂದ ಬರೆದರೆ ದೂರದವರಿಗೆ ಅದೇ ಗೊಂಬೆಯಾಟದ ಹಾಗೆ ಕಾಣಬಹುದು. ಮೊಬೈಲ್ ಕಂಪನಿಗಳು ಒಂದು ವಿಳಾಸವನ್ನು ಎಷ್ಟೋ ಜನಕ್ಕೆ ಹಂಚುತ್ತವೆ. ಒಬ್ಬ ತಂಟೆಕೋರನಿಗಾಗಿ ವಿಳಾಸಗಳ ಸಾಲನ್ನೇ ತಡೆದರೆ ಏನೂ ಮಾಡದವರೂ ಹೊರಗುಳಿಯುತ್ತಾರೆ. ಒಂದು ಸಂಪರ್ಕದಿಂದ ದಿನಕ್ಕೆ ಸಾಮಾನ್ಯವಾಗಿ 6 ಹೊಸ ಖಾತೆ ಮಾತ್ರ ತೆರೆಯಬಹುದು. ಏಳನೇ ಮಗುವಿಗೆ ಬಾಗಿಲು ಮುಚ್ಚಿರುತ್ತದೆ. ನಿಯಮ ಬಲ್ಲವರು ಮೊದಲೇ ವಿನಾಯಿತಿ ಕೇಳ್ತಾರೆ. ನಮ್ಮವರು ತಪ್ಪು ತಮ್ಮದೇ ಅನ್ಕೊಂಡು ಎದ್ದು ಹೋಗ್ತಾರೆ.

ನಷ್ಟ ಆಗೋದು ಅಲ್ಲಿಯೇ. ತಂಟೆಕೋರ ಹತ್ತು ಸಲ ಬರ್ತಾನೆ. ಅವಮಾನವಾದ ಮೇಷ್ಟ್ರು ಎರಡನೇ ಸಲ ಬರಲ್ಲ. ಗಡಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ಮೊದಲೇ ಕಡಿಮೆ. ಅವರೂ ಬಿಟ್ಟರೆ ನಮ್ಮ ಊರಿನ ಪುಟದಲ್ಲಿ ದಾರಿಹೋಕರು ಬರೆದದ್ದೇ ಉಳಿಯುತ್ತದೆ, ನಮ್ಮ ಮಕ್ಕಳು ಅದನ್ನೇ ಪ್ರಾಜೆಕ್ಟಿಗೆ ನಕಲು ಮಾಡ್ತಾರೆ. ಆದ್ದರಿಂದ ಹೊಸಬರಿಗೆ ಕೊಡುವ ಮೊದಲ ಎಚ್ಚರಿಕೆ ಕಚೇರಿಯ ನೋಟೀಸಿನ ಹಾಗೆ ಇರದೆ, ಪಕ್ಕದಲ್ಲಿ ಕೂತವರು ಹೇಳಿದ ಮಾತಿನ ಹಾಗೆ ಇರಬೇಕು.

ನಾವೂ ಮಾಡಬೇಕಾದ ಕೆಲಸ ಇದೆ. ಶಾಲೆಯಲ್ಲಿ ಬರೆಸುವ ಮೇಷ್ಟ್ರು ಖಾತೆಗಳನ್ನು ಮುಂಚೆಯೇ ಬೇರೆ ಬೇರೆ ದಿನ ತೆರೆಸಲಿ. ಇಂಥ ಕಡೆಯಿಂದ ಇಷ್ಟು ಮಕ್ಕಳು ಬರೀತಾರೆ ಅಂತ, ಮಕ್ಕಳ ಹೆಸರು ಹಾಕದೆ, ಅರಳಿ ಕಟ್ಟೆಯಲ್ಲಿ ತಿಳಿಸಲಿ. ಬರೆದ ಸಂಗತಿಗೆ ಆಧಾರ ಕೊಡಿಸಲಿ. ಯಾರಾದರೂ ಅಳಿಸಿದರೆ ಹಟಕ್ಕೆ ಬಿದ್ದು ಮತ್ತೆ ಬರೆಯದೆ ಚರ್ಚೆ ಪುಟದಲ್ಲಿ ಕಾರಣ ಕೇಳಲಿ. ಬೇಲಿ ಬೇಕು. ಆದರೆ ಒಳಗೆ ಬರುವ ದಾರಿ ಎಲ್ಲಿದೆ ಅಂತ ಬೇಲಿ ಹಾಕಿದವರೇ ತೋರಿಸಬೇಕು.