ಅಚ್ಚಿನ ಅಕ್ಷರವೂ ಓದುಗರ ಅಭಿಮಾನವೂ

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಶಾಸನಾಕ್ಷರಗಳ ದುಂಡುತನವನ್ನು ಮೆಚ್ಚದವರು ವಿರಳ. ಅಚ್ಚಿನ ಅಕ್ಷರದ ಮಾತು ಬಂದಿತೆಂದರೆ ಮಾತ್ರ ರಸಿಕರಲ್ಲಿ ಎರಡು ಪಕ್ಷಗಳಾಗುವವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದ ಕಿಟೆಲ್ಲರ ನಿಘಂಟಿನಲ್ಲಿ ಕಣ್ಣು ಪಳಗಿದವರಿಗೆ ಗಣಕಯಂತ್ರದ ‘ತುಂಗಾ’ ಅಕ್ಷರವು ಬರಿದಾಗಿ ತೋರಬಹುದು. ‘ನುಡಿ’ಯ ಅಕ್ಷರಗಳನ್ನೇ ನಿತ್ಯವೂ ಕಂಡ ತರುಣರಿಗೆ ಹಳೆಯ ಮೊಳೆಗಳು ಕಿಕ್ಕಿರಿದಂತೆ ತೋರಬಹುದು.

ಇದರ ಕಾರಣವು ದೂರದ್ದಲ್ಲ. ಓದುವವನ ಲಕ್ಷ್ಯವು ಅರ್ಥದ ಮೇಲಿರುವದು. ರೂಢಿಯ ಆಕಾರವು ಬದಲಾದೊಡನೆ ಅಕ್ಷರವೇ ನಡುವೆ ಅಡ್ಡಬಂದು ನಿಲ್ಲುವದು. ಅದರ ಮೇಲೆ ಶಾಲೆಯ ಮೊದಲ ಪುಸ್ತಕದ, ಮನೆಯ ಲಗ್ನಪತ್ರಿಕೆಯ ನೆನಪುಗಳೂ ಆ ಆಕಾರಕ್ಕೆ ಅಂಟಿಕೊಂಡಿರುತ್ತವೆ. ಆದುದರಿಂದಲೇ ಈ ವಾದದಲ್ಲಿ ಅಷ್ಟೊಂದು ಕಾವು.

ಆದರೆ ರೂಢಿಯ ಮುನಿಸೆಲ್ಲವೂ ವಿಮರ್ಶೆಯಾಗಲಾರದು. ಕನ್ನಡ ಲಿಪಿಗೆ ತನ್ನದೇ ಆದ ಪರೀಕ್ಷೆಯುಂಟು: ಒತ್ತಕ್ಷರವು ಕೆಳಸಾಲಿನ ತಲೆಕಟ್ಟಿಗೆ ತಾಗಬಾರದು, ‘ಪ’ ‘ಷ’ಗಳ, ‘ದ’ ‘ಧ’ಗಳ ಭೇದವು ಸಣ್ಣ ಅಚ್ಚಿನಲ್ಲಿಯೂ ಸ್ಪಷ್ಟವಾಗಿರಬೇಕು. ನವಲಗುಂದದ ಒಕ್ಕಲಿಗನು ಮಂದಬೆಳಕಿನಲ್ಲಿ ತನ್ನ ಹೊಲದ ಉತಾರವನ್ನು ಓದುವಾಗ ಒಂದು ಒತ್ತು ಕಾಣದಿದ್ದರೆ ಹೆಸರೇ ಬೇರೆಯಾಗುವದು. ಸೊಬಗಿನ ವಾದವು ನಡೆಯಲಿ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಅಕ್ಷರಗಳ ನಡುವೆ ನಡೆಯಲಿ.