ಗಿಫ್‌ಲಿಬ್: ಬರೆಯಬಲ್ಲದು, ಆರಿಸಲೊಲ್ಲದು

ಗಿಫ್ ಚಿತ್ರಗಳನ್ನು ಓದಲು, ಬರೆಯಲು ಸಿ ಭಾಷೆಯಲ್ಲಿರುವ ಹಳೆಯ ಲೈಬ್ರರಿ ಗಿಫ್‌ಲಿಬ್. ಗೆರ್ಶನ್ ಎಲ್ಬರ್ ಡಾಸ್‌ಗಾಗಿ ಬರೆದಿದ್ದ ಕೋಡನ್ನು 1989ರಲ್ಲಿ ಎರಿಕ್ ರೇಮಂಡ್ ಯುನಿಕ್ಸ್‌ಗೆ ತಂದರು. ಕಂಪ್ಯುಸರ್ವ್ ಕಂಪನಿಯ 1987ರ ಗಿಫ್ ವಿನ್ಯಾಸಕ್ಕೆ ಫ್ರೇಮುಗಳ ನಡುವಿನ ವಿಳಂಬವೂ ಪಾರದರ್ಶಕ ಬಣ್ಣವೂ ಸೇರಿದ್ದು 1989ರಲ್ಲೇ.

ಗಿಫ್‌ಲಿಬ್‌ನ ಚರಿತ್ರೆಯನ್ನು ತಿರುಗಿಸಿದ್ದು ಪೇಟೆಂಟ್. ಗಿಫ್ ಬಳಸುವ ಎಲ್‌ಜೆಡ್‌ಡಬ್ಲ್ಯು ಸಂಕೋಚನ ವಿಧಾನದ ಹಕ್ಕು ಯುನಿಸಿಸ್ ಕಂಪನಿಯದಾಗಿತ್ತು. 1994ರ ಕೊನೆಯಲ್ಲಿ ಅದು ಪರವಾನಗಿ ಶುಲ್ಕ ಕೇಳತೊಡಗಿತು. ಇದರಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಲಿಬ್‌ಅನ್‌ಗಿಫ್ ಎಂಬ ಕವಲು ಚಿತ್ರವನ್ನು ಸಂಕುಚಿಸದೆಯೇ ಬರೆಯುತ್ತಿತ್ತು. 480x270 ಅಳತೆಯ 24 ಫ್ರೇಮುಗಳ ಕಡತ ಹಾಗೆ ಬರೆದರೆ 3 ಎಂಬಿ ದಾಟುತ್ತದೆ. ಕಾನೂನಿಗೆ ತಲೆಬಾಗಿದ ಈ ಜಾಣತನ ಡಯಲ್‌ಅಪ್ ಕಾಲದ ಓದುಗರಿಗೆ ದುಬಾರಿಯೇ ಆಯಿತು. ಅಮೆರಿಕದ ಪೇಟೆಂಟ್ 2003ರ ಜೂನ್‌ನಲ್ಲಿ ಮುಗಿದ ಮೇಲೆ ಲಿಬ್‌ಅನ್‌ಗಿಫ್‌ಗೆ ಕೆಲಸ ಉಳಿಯಲಿಲ್ಲ.

ಬರವಣಿಗೆಯ ಭಾಗದಲ್ಲಿ ಗಿಫ್‌ಲಿಬ್ ಶಿಸ್ತಿನ ಗುಮಾಸ್ತ. ಕೊಟ್ಟದ್ದನ್ನು ತಪ್ಪಿಲ್ಲದೆ ದಾಖಲಿಸುತ್ತದೆ, ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. 5.0 ಆವೃತ್ತಿಯಲ್ಲಿ ದೋಷಸಂಖ್ಯೆಯನ್ನು ಜಾಗತಿಕ ಚರಾಂಶದಿಂದ ತೆಗೆದದ್ದರಿಂದ ಹಲವು ಥ್ರೆಡ್‌ಗಳಲ್ಲಿ ಏಕಕಾಲಕ್ಕೆ ಬಳಸುವುದು ಸುರಕ್ಷಿತವಾಯಿತು. ಆದರೆ ಅನಿಮೇಷನ್ ನಿಲ್ಲದೆ ಸುತ್ತಬೇಕೆಂದರೆ, ನೆಟ್‌ಸ್ಕೇಪ್ ಬ್ರೌಸರ್ ರೂಢಿಗೆ ತಂದ ವಿಸ್ತರಣೆಯ ಬೈಟುಗಳನ್ನು ಪ್ರೋಗ್ರಾಮರ್ ಇಂದಿಗೂ ಕೈಯಾರೆ ಜೋಡಿಸಬೇಕು. ಎಲ್ಲರೂ ಬಯಸುವ ಕೆಲಸಕ್ಕೆ ಒಂದು ಫಂಕ್ಷನ್ ಇಲ್ಲದಿರುವುದಕ್ಕೆ ಸಮರ್ಥನೆ ಕಷ್ಟ.

ಇದಕ್ಕಿಂತ ದೊಡ್ಡ ಕೊರತೆ ಬಣ್ಣದ್ದು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾದ ಉರುಸಿಗೆ ಶುಭಾಶಯದ ಗಿಫ್ ಮಾಡುವುದಾದರೆ: ಹಿನ್ನೆಲೆಯಲ್ಲಿ ರಾತ್ರಿಯ ದೀಪಾಲಂಕಾರದ ಫೋಟೋ, ಮೇಲೆ ಕನ್ನಡ ಅಕ್ಷರ. ಒಂದು ಬಣ್ಣಪಟ್ಟಿಗೆ ಗಿಫ್‌ನಲ್ಲಿ 256 ಬಣ್ಣವೇ ಮಿತಿ. ದೀಪದ ಸುತ್ತಲಿನ ಮಂದ ಹೊಳಪು ಹಲವಾರು ಬಣ್ಣಗಳನ್ನು ಕಬಳಿಸುತ್ತದೆ. ಉಳಿದ ಕೆಲವೇ ಛಾಯೆಗಳಲ್ಲಿ ಒತ್ತಕ್ಷರದ ಸಣ್ಣ ಬಾಗುಗಳ ಅಂಚು ಒರಟಾಗುತ್ತದೆ. ಗಿಫ್‌ಲಿಬ್ ಜೊತೆಗೆ ಬಂದ ಬಣ್ಣ ಇಳಿಸುವ ಫಂಕ್ಷನ್ ಒಂದೊಂದು ಫ್ರೇಮನ್ನು ಬಿಡಿಯಾಗಿ ನೋಡುತ್ತದೆ, ಚುಕ್ಕಿ ಬೆರೆಸಿ ಛಾಯೆ ತೋರಿಸುವ ಡಿದರಿಂಗ್ ಮಾಡುವುದಿಲ್ಲ. ಹಾಗಾಗಿ ಕತ್ತಲ ಆಕಾಶ ಪಟ್ಟೆಪಟ್ಟೆಯಾಗುತ್ತದೆ.

ಗಾತ್ರದ ಉಳಿತಾಯವೂ ಪ್ರೋಗ್ರಾಮರ್ ಪಾಲಿಗೇ ಬಿಟ್ಟದ್ದು. ಮಿನುಗುವುದು ಒಂದೇ ದೀಪವಾದರೆ ಅಷ್ಟೇ ಆಯತವನ್ನು ಹೊಸ ಫ್ರೇಮಾಗಿ ಬರೆಯಲು ಅವಕಾಶವಿದೆ. ಬದಲಾದ ಭಾಗ ಯಾವುದೆಂದು ಹುಡುಕುವ ಕೋಡು ಮಾತ್ರ ಇಲ್ಲ. ಹಳೆಯ ಫ್ರೇಮನ್ನು ಉಳಿಸಬೇಕೋ ಅಳಿಸಬೇಕೋ ಎಂಬ ಸೂಚನೆ ತಪ್ಪಿದರೆ ಹಿಂದಿನ ಚಿತ್ರದ ಚೂರುಗಳು ಪರದೆಯ ಮೇಲೆ ಉಳಿದುಬಿಡುತ್ತವೆ. ವೇಗದ ತೊಡಕು ಲೈಬ್ರರಿಯದಲ್ಲ, ವಿನ್ಯಾಸದ್ದು: ವಿಳಂಬದ ಅಳತೆ ಸೆಕೆಂಡಿನ ನೂರನೇ ಒಂದು ಭಾಗ, ಆದ್ದರಿಂದ ಸೆಕೆಂಡಿಗೆ 30 ಫ್ರೇಮು ಕರಾರುವಾಕ್ಕಾಗಿ ಕೂರುವುದಿಲ್ಲ.

ಕೊರ್ನೆಲ್ ಲೆಸಿನ್‌ಸ್ಕಿ ರಸ್ಟ್ ಭಾಷೆಯಲ್ಲಿ ಬರೆದ ಗಿಫ್‌ಸ್ಕಿ ಈ ತೀರ್ಮಾನಗಳನ್ನೆಲ್ಲ ತಾನೇ ಹೊರುತ್ತದೆ. ಪ್ರತಿ ಫ್ರೇಮಿಗೂ ಬಣ್ಣಪಟ್ಟಿ ಆರಿಸಿ, ಹಿಂದಿನ ಫ್ರೇಮಿನ ಬಣ್ಣಗಳನ್ನೂ ಬಳಸಿಕೊಂಡು ಸಾವಿರಾರು ಛಾಯೆಗಳನ್ನು ತೋರಿಸುತ್ತದೆ. ಉರುಸಿನ ಚಿತ್ರಕ್ಕೆ ಒಪ್ಪುವುದು ಇದೇ, ಕಡತ ದೊಡ್ಡದಾದರೂ ಸರಿ. ಆದರೆ ಅದರ ಎಜಿಪಿಎಲ್ ಪರವಾನಗಿಯಂತೆ, ಅದನ್ನು ಸೇರಿಸಿಕೊಂಡು ಹಂಚುವ ಆ್ಯಪ್ ತನ್ನ ಮೂಲ ಕೋಡನ್ನೂ ತೆರೆದಿಡಬೇಕು, ಇಲ್ಲವೇ ಬೇರೆ ಪರವಾನಗಿ ಕೊಳ್ಳಬೇಕು. ಗಿಫ್‌ಲಿಬ್‌ನ ಎಂಐಟಿ ಪರವಾನಗಿಯಲ್ಲಿ ಈ ಕಟ್ಟುಪಾಡಿಲ್ಲ. ನಾಲ್ಕಾರು ಬಣ್ಣದ ನಕ್ಷೆ, ಗ್ರಾಫು, ಲೋಗೋಗಳನ್ನು ಚಲಿಸುವಂತೆ ಮಾಡಲು ಅದು ಈಗಲೂ ಸಾಕು.